ರೀಫಿಲ್ ಮಾಡಿಸಿದ ಕಾರ್ಟ್ರಿಜ್ ಬೇಡ ಎನ್ನುವ ಪ್ರಿಂಟರ್: ಈಗೇನು ಮಾಡುವುದು, ಮುಂದೇನು ಕೊಳ್ಳುವುದು

ಪ್ರಶ್ನೆ: ಮನೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಒಂದೂವರೆ ವರ್ಷದ ಹಿಂದೆ ₹5,000ದ ಒಳಗೆ ಸಿಕ್ಕಿತೆಂದು ಪ್ರಿಂಟ್, ಸ್ಕ್ಯಾನ್, ಕಾಪಿ ಮೂರೂ ಇರುವ ವೈಫೈ ಪ್ರಿಂಟರ್ ತಂದೆ. ತಿಂಗಳಿಗೆ ಸುಮಾರು ಅರವತ್ತು ಪುಟ ಪ್ರಿಂಟ್ ತೆಗೆಯುತ್ತೇನೆ, ಹೆಚ್ಚಿನದೆಲ್ಲ ಕಪ್ಪು ಬಣ್ಣದ ಪ್ರಶ್ನೆಪತ್ರಿಕೆಗಳೇ. ಒಂದು ಕಪ್ಪು ಕಾರ್ಟ್ರಿಜ್‌ಗೆ ₹900, ಅದರಲ್ಲಿ ನೂರೈವತ್ತು ಪುಟ ಬಂದರೆ ಹೆಚ್ಚು. ಪೇಟೆಯಲ್ಲಿ ₹200 ಕೊಟ್ಟು ರೀಫಿಲ್ ಮಾಡಿಸಿದೆ. ಎರಡು ವಾರ ಚೆನ್ನಾಗಿ ನಡೆದು, ಒಂದು ಬೆಳಿಗ್ಗೆ ‘ಕಾರ್ಟ್ರಿಜ್ ಸಮಸ್ಯೆ’ ಎಂದು ನಿಂತುಬಿಟ್ಟಿತು. ಸ್ಕ್ಯಾನ್ ಮಾಡಲು ಹೋದರೆ ಮೊಬೈಲ್ ಆ್ಯಪ್ ಖಾತೆ ತೆರೆಯಿರಿ ಎನ್ನುತ್ತದೆ. ರೀಫಿಲ್ ಮಾಡಿಸಿದ್ದಕ್ಕೆ ಕಂಪನಿಯವರೇ ಲಾಕ್ ಮಾಡಿದ್ದಾರೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ? ಇದನ್ನು ಬಿಟ್ಟು ಬೇರೆ ಕೊಳ್ಳುವುದಾದರೆ ಯಾವುದು?
— ಸಾಗರದಿಂದ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಕಾರ್ಟ್ರಿಜ್ ನಿಜವಾಗಿಯೇ ಕೆಟ್ಟಿರಬಹುದು. ಕೆಡದಿದ್ದರೂ ಪ್ರಿಂಟರ್ ಅದನ್ನು ಬೇಡ ಎನ್ನುತ್ತಿರಬಹುದು. ಸ್ಕ್ಯಾನ್ ವಿಷಯವಂತೂ ಆ್ಯಪ್‌ನ ಕಾಟ, ಯಂತ್ರಕ್ಕೆ ಏನೂ ಆಗಿರಲಿಕ್ಕಿಲ್ಲ. ಮೊದಲೆರಡನ್ನು ಬೇರೆ ಮಾಡಿ ನೋಡುವವರೆಗೆ ಹೊಸ ಕಾರ್ಟ್ರಿಜ್‌ಗೆ ಇನ್ನೊಂದು ₹900 ಸುರಿಯಬೇಡಿ.

ಪರದೆಯ ಮೇಲೆ ಬಂದ ಸಾಲನ್ನು ಪೂರ್ತಿ ಓದುವುದರಿಂದ ಶುರು ಮಾಡಿ. ‘ಇಂಕು ಕಡಿಮೆಯಿದೆ’, ‘ಬಳಸಿದ ಅಥವಾ ರೀಫಿಲ್ ಮಾಡಿದ ಕಾರ್ಟ್ರಿಜ್’, ‘ಇಂಕಿನ ಮಟ್ಟ ತೋರಿಸಲಾಗದು’ ಎಂಬವೆಲ್ಲ ಬರೀ ಎಚ್ಚರಿಕೆಗಳು. ಓಕೆ ಒತ್ತಿದರೆ ಕೆಲಸ ಮುಂದುವರಿಯುತ್ತದೆ. ಪ್ರಿಂಟರ್ ಇಂಕನ್ನು ಅಳೆಯುವುದೇ ಇಲ್ಲ, ಎಷ್ಟು ಹನಿ ಹಾರಿಸಿದೆ ಎಂದು ಲೆಕ್ಕ ಇಡುತ್ತದೆ ಅಷ್ಟೆ. ಹಾಗಾಗಿ ರೀಫಿಲ್ ಆದಮೇಲೂ ಅದರ ಪಟ್ಟಿಯಲ್ಲಿ ಕಾರ್ಟ್ರಿಜ್ ಖಾಲಿಯೆಂದೇ ಕಾಣುತ್ತಿರುತ್ತದೆ. ಆ ಗೆರೆಯನ್ನು ನಂಬಿ ಅರ್ಧ ಇಂಕಿರುವ ಕಾರ್ಟ್ರಿಜ್ ಎಸೆಯುವವರು ಬಹಳ ಮಂದಿ. ಕ್ಯಾನನ್‌ನ ಇಂಥ ಸಣ್ಣ ಪ್ರಿಂಟರ್‌ಗಳಲ್ಲಿ ಇ13 ಅಥವಾ ಇ16 ಎಂದು ಬಂದು ನಿಂತರೆ ಸ್ಟಾಪ್ ಗುಂಡಿಯನ್ನು ಕನಿಷ್ಠ 5 ಸೆಕೆಂಡ್ ಒತ್ತಿಹಿಡಿಯಬೇಕು. ಆಗ ಆ ಕಾರ್ಟ್ರಿಜ್‌ನ ಮಟ್ಟ ಲೆಕ್ಕಹಾಕುವುದನ್ನು ಬಿಟ್ಟು ಪ್ರಿಂಟ್ ಮುಂದುವರಿಸುತ್ತದೆ. ಇದು ಕಳ್ಳದಾರಿಯಲ್ಲ, ಕಂಪನಿಯ ಕೈಪಿಡಿಯಲ್ಲೇ ಇದೆ.

ನಿಮಗೆ ಬಂದಿರುವ ‘ಕಾರ್ಟ್ರಿಜ್ ಸಮಸ್ಯೆ’ ಎರಡನೇ ಜಾತಿಯದು, ಓಕೆ ಒತ್ತಿದರೆ ಹೋಗುವಂಥದ್ದಲ್ಲ. ಇದರ ಕಾರಣ ತಿಳಿಯಲು ಒಳಗೇನಿದೆ ಎಂಬುದು ಗೊತ್ತಿರಬೇಕು. ಕಪ್ಪಿಗೊಂದು, ಮೂರು ಬಣ್ಣಕ್ಕೊಂದು ಎಂದು ಎರಡೇ ಕಾರ್ಟ್ರಿಜ್ ಇರುವ ಅಗ್ಗದ ಪ್ರಿಂಟರ್‌ಗಳಲ್ಲಿ ಇಂಕು ಚಿಮ್ಮುವ ಹೆಡ್ ಕಾರ್ಟ್ರಿಜ್‌ಗೇ ಅಂಟಿಕೊಂಡಿರುತ್ತದೆ. ಕೆಳಭಾಗದ ಸಣ್ಣ ಪಟ್ಟಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ನೂರಾರು ರಂಧ್ರಗಳು, ಒಂದೊಂದರ ಹಿಂದೆಯೂ ಒಂದೊಂದು ಹೀಟರ್. ಕ್ಷಣದ ಲಕ್ಷಭಾಗದಷ್ಟು ಹೊತ್ತಿನಲ್ಲಿ ಇಂಕು ಕುದಿದು ಗುಳ್ಳೆಯೆದ್ದು ಹನಿಯನ್ನು ಹೊರಗೆ ತಳ್ಳುತ್ತದೆ. ಆ ಹೀಟರ್‌ಗಳನ್ನು ತಣ್ಣಗಿಡುವುದೂ ಅದೇ ಇಂಕು. ಖಾಲಿಯಾದ ಮೇಲೂ ಎಳೆದಾಡಿ ಪ್ರಿಂಟ್ ತೆಗೆದರೆ ಒಣ ಹೀಟರ್‌ಗಳು ಸುಟ್ಟುಹೋಗುತ್ತವೆ. ಹೆಡ್‌ನ ವಿದ್ಯುತ್ ಲೆಕ್ಕ ತಪ್ಪಿತೆಂದು ಪ್ರಿಂಟರ್ ‘ಕಾರ್ಟ್ರಿಜ್ ಸಮಸ್ಯೆ’ ಎನ್ನುತ್ತದೆ. ಅಂಥದ್ದನ್ನು ಯಾವ ಉಪಾಯದಿಂದಲೂ ಬದುಕಿಸಲಾಗದು.

ಆದರೆ ನೀವು ಎರಡು ವಾರದಲ್ಲಿ ತೆಗೆದಿರುವುದು ಹೆಚ್ಚೆಂದರೆ ಮೂವತ್ತು ಪುಟ. ಅಷ್ಟಕ್ಕೆ ಒಣಗಿ ಸುಡುವುದು ಅಪರೂಪ. ಅಂಗಡಿಯವರು ಹೇಳಿದ ಲಾಕ್ ಕೂಡ ನಿಮ್ಮ ವಿಷಯದಲ್ಲಿ ಇರಲಾರದು ಎಂದೇ ನನ್ನ ಅಂದಾಜು, ಏಕೆಂದರೆ ಅಂಥ ಲಾಕ್‌ಗಳು ಸಾಮಾನ್ಯವಾಗಿ ಬೇರೆ ಕಂಪನಿಯ ಚಿಪ್ ಇರುವ ಕಾರ್ಟ್ರಿಜ್‌ಗಳನ್ನು ತಡೆಯುತ್ತವೆ. ಅಸಲಿ ಕಾರ್ಟ್ರಿಜ್ಜನ್ನೇ ರೀಫಿಲ್ ಮಾಡಿಸಿದರೆ ಒಳಗಿನ ಗುರುತು ಅಸಲಿಯದೇ ಆಗಿರುತ್ತದೆ. ಸಿರಿಂಜ್‌ನಿಂದ ಗಡಿಬಿಡಿಯಲ್ಲಿ ಹೆಚ್ಚು ತುಂಬಿದ್ದು, ಅದು ನಿಧಾನವಾಗಿ ಜಿನುಗಿ, ಕಾರ್ಟ್ರಿಜ್‌ಗೂ ಪ್ರಿಂಟರ್‌ಗೂ ವಿದ್ಯುತ್ ಸಂಪರ್ಕ ಕೊಡುವ ತಾಮ್ರದ ಬಿಂದುಗಳ ಮೇಲೆ ಹರಡಿರುವ ಸಾಧ್ಯತೆಯೇ ಹೆಚ್ಚು. ಅದನ್ನು ನೋಡಿಬಿಡಿ.

ಪ್ರಿಂಟರ್ ಆನ್ ಇರುವಾಗ ಮುಚ್ಚಳ ತೆರೆದು, ಕಾರ್ಟ್ರಿಜ್ ತೊಟ್ಟಿಲು ನಡುವೆ ಬಂದು ನಿಂತಮೇಲೆ ಕಪ್ಪು ಕಾರ್ಟ್ರಿಜ್ ಹೊರತೆಗೆಯಿರಿ. ಈಗ ಬಣ್ಣದ್ದೊಂದನ್ನೇ ಬಿಟ್ಟು ಮುಚ್ಚಳ ಹಾಕಿ. ಎಚ್‌ಪಿಯ ಇಂಥ ಪ್ರಿಂಟರ್‌ಗಳಿಗೆ ಒಂದೇ ಕಾರ್ಟ್ರಿಜ್‌ನಲ್ಲಿ ನಡೆಯುವ ಕ್ರಮವಿದೆ. ಆಗ ದೂರು ಹೋದರೆ ತಪ್ಪು ಕಪ್ಪಿನದು, ಹೋಗದಿದ್ದರೆ ಬಣ್ಣದ್ದನ್ನು ತೆಗೆದು ಕಪ್ಪನ್ನು ಮಾತ್ರ ಹಾಕಿ ನೋಡಿ. ಎಷ್ಟೋ ಸಲ ಮುಟ್ಟದೇ ಇಟ್ಟ ಬಣ್ಣದ ಕಾರ್ಟ್ರಿಜ್ ಒಣಗಿ ಕೆಟ್ಟಿರುತ್ತದೆ, ಬೈಗುಳ ಮಾತ್ರ ರೀಫಿಲ್ ಮಾಡಿಸಿದ ಕಪ್ಪಿಗೆ ಬೀಳುತ್ತದೆ. ತಪ್ಪು ಯಾವುದರದೆಂದು ತಿಳಿದ ಮೇಲೆ ಅದರ ತಾಮ್ರದ ಬಿಂದುಗಳನ್ನು ಒರೆಸಿ. ಕನ್ನಡಕ ಒರೆಸುವಂಥ ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಾಗಿಸಿಕೊಂಡರೆ ಸಾಕು. ನಲ್ಲಿ ನೀರು ಬೇಡ, ಅದರ ಉಪ್ಪು ಉಳಿದುಬಿಡುತ್ತದೆ. ಇಂಕು ಚಿಮ್ಮುವ ಪಟ್ಟಿಯನ್ನು ಒರೆಸಿದ ಬಟ್ಟೆಯನ್ನೇ ಬಿಂದುಗಳಿಗೆ ತಾಗಿಸಬೇಡಿ. ತೊಟ್ಟಿಲಿನೊಳಗೂ ಇವಕ್ಕೆ ತಕ್ಕ ಪುಟ್ಟ ಸ್ಪ್ರಿಂಗ್ ಬಿಂದುಗಳಿವೆ, ಅವನ್ನು ಇಯರ್‌ಬಡ್‌ನಿಂದ ಹಗುರವಾಗಿ ಒರೆಸಿ. ಎರಡೂ ಹತ್ತು ನಿಮಿಷ ಒಣಗಲಿ. ಮತ್ತೆ ಹಾಕುವಾಗ ಟಿಕ್ ಎಂದು ಸದ್ದು ಕೇಳಬೇಕು. ಸಗಟು ಲೆಕ್ಕದಲ್ಲಿ ಹೇಳುವುದಾದರೆ ರೀಫಿಲ್ ಆದ ಕಾರ್ಟ್ರಿಜ್‌ಗಳ ಈ ದೂರಿಗೆ ಮೊದಲ ಮದ್ದು ಇದೇ.

ಒರೆಸಿಯೂ ಆಗದಿದ್ದರೆ ಆ ಕಾರ್ಟ್ರಿಜ್ ಮುಗಿಯಿತು. ಮುಂದಿನದನ್ನು ರೀಫಿಲ್ ಮಾಡುವಾಗ ಕೆಲವು ವಿಷಯ ನೆನಪಿರಲಿ, ನೀವೇ ಮಾಡಿದರೂ ಅಂಗಡಿಯಲ್ಲಿ ಎದುರು ನಿಂತು ಮಾಡಿಸಿದರೂ ಇವೇ. ಬರಹ ಮಸುಕಾಗತೊಡಗಿದ ಕೂಡಲೇ ನಿಲ್ಲಿಸಿ, ಪೂರ್ತಿ ಖಾಲಿಯಾಗಲು ಬಿಡಬೇಡಿ. ಕಪ್ಪು ಕಾರ್ಟ್ರಿಜ್‌ನಲ್ಲಿ ಹೆಚ್ಚಾಗಿ ಇರುವುದು ಪಿಗ್ಮೆಂಟ್ (ಕರಗದ ಸಣ್ಣ ಕಣಗಳ) ಇಂಕು, ಬಣ್ಣದ್ದರಲ್ಲಿ ಡೈ (ಪೂರ್ತಿ ಕರಗಿದ ಬಣ್ಣದ) ಇಂಕು. ಪಿಗ್ಮೆಂಟ್ ಇದ್ದಲ್ಲಿ ಡೈ ಸುರಿದರೆ ಎರಡೂ ಸೇರಿ ಗಸಿಯಾಗಿ ರಂಧ್ರ ಕಟ್ಟಿಕೊಳ್ಳುವ ಅಪಾಯವಿದೆ. ‘ಎಲ್ಲಾ ಪ್ರಿಂಟರ್‌ಗೂ ಆಗುತ್ತದೆ’ ಎಂದು ಬರೆದ ದೊಡ್ಡ ಬಾಟಲಿ ಕಂಡರೆ ದೂರ ಇರಿ. ಸಣ್ಣ ಕಪ್ಪು ಕಾರ್ಟ್ರಿಜ್‌ಗೆ ಒಂದು ಸಲಕ್ಕೆ 3ರಿಂದ 4 ಮಿಲಿಲೀಟರ್, ಬಣ್ಣದ್ದರ ಒಂದೊಂದು ಕೋಣೆಗೆ 2 ಮಿಲಿಲೀಟರ್ ಸಾಕು. ಮೇಲಿನ ಲೇಬಲ್ ಎತ್ತಿದರೆ ತೂತು ಕಾಣುತ್ತದೆ. ಬಣ್ಣದ್ದರಲ್ಲಿ ಯಾವ ತೂತು ಯಾವ ಬಣ್ಣದ್ದೆಂದು ಟೂತ್‌ಪಿಕ್ ಇಳಿಸಿ ನೋಡಿಯೇ ಖಚಿತಮಾಡಿಕೊಳ್ಳಿ. ಒಳಗೆ ಸ್ಪಂಜು ಇರುವುದರಿಂದ ಸೂಜಿಯನ್ನು ಅರ್ಧಕ್ಕೆ ಇಳಿಸಿ, ಒಂದೊಂದು ಮಿಲಿಲೀಟರ್‌ಗೂ ಅರ್ಧ ನಿಮಿಷ ಬಿಡುವು ಕೊಡುತ್ತ ತಳ್ಳಬೇಕು. ತೂತಿನ ಬಾಯಿಗೆ ಇಂಕು ಉಬ್ಬಿತೆಂದರೆ ಹೆಚ್ಚಾಯಿತು, ಅರ್ಧ ಮಿಲಿಲೀಟರ್ ಹಿಂದಕ್ಕೆ ಎಳೆಯಿರಿ. ಆಮೇಲೆ ಕಾರ್ಟ್ರಿಜ್‌ನ ಕೆಳಪಟ್ಟಿಯನ್ನು ಮಡಚಿದ ಟಿಶ್ಯೂ ಮೇಲೆ ಒತ್ತಿದರೆ ಕಪ್ಪಿನ ಒಂದು ಗೆರೆ, ಬಣ್ಣದ್ದಾದರೆ ಮೂರು ಬೇರೆ ಬೇರೆ ಗೆರೆ ಮೂಡಬೇಕು. ಮೂರು ಬಣ್ಣ ಕಲಸಿ ಕಂದು ಕಂಡರೆ ಹೆಚ್ಚು ತುಂಬಿ ಒಂದರದು ಇನ್ನೊಂದಕ್ಕೆ ಹರಿದಿದೆ. ತೂತನ್ನು ಟೇಪಿನಿಂದ ಗಾಳಿಯಾಡದಂತೆ ಮುಚ್ಚುವುದೂ ತಪ್ಪು. ಒಳಗೆ ಗಾಳಿ ಹೋಗದೆ ಹತ್ತು ಸಾಲು ಬಂದು ಪ್ರಿಂಟ್ ಬಿಳಿಯಾಗುತ್ತದೆ, ಕಾರ್ಟ್ರಿಜ್ ಕೆಟ್ಟಿತೆಂದು ನೀವು ಎಸೆಯುತ್ತೀರಿ. ಹೀಗೆ ಜೋಪಾನವಾಗಿ ಮಾಡಿದರೆ ಒಂದು ಕಾರ್ಟ್ರಿಜ್ ಮೂರರಿಂದ ಐದು ಸಲ ತಾಳುತ್ತದೆ. ಅಂಗಡಿಯಲ್ಲಿ ‘ನಿಮ್ಮದು ಕೊಡಿ, ತುಂಬಿಸಿಟ್ಟ ಬೇರೆಯದು ಒಯ್ಯಿರಿ’ ಎಂದರೆ ಒಪ್ಪಬೇಡಿ. ಅದು ಈಗಾಗಲೇ ಎಷ್ಟು ಸಲ ತುಂಬಿಸಿಕೊಂಡದ್ದೋ ತಿಳಿಯದು. ಎಚ್‌ಪಿಯ ‘ಕಾರ್ಟ್ರಿಜ್ ಪ್ರೊಟೆಕ್ಷನ್’ ಆನ್ ಇರುವ ಪ್ರಿಂಟರ್‌ನಲ್ಲಿ ಒಮ್ಮೆ ಕೂತ ಕಾರ್ಟ್ರಿಜ್ ಅದಕ್ಕೇ ಕಟ್ಟಿಬಿದ್ದಿರುತ್ತದೆ, ಬೇರೆ ಪ್ರಿಂಟರ್‌ನಲ್ಲಿ ನಡೆಯುವುದಿಲ್ಲ.

ಲಾಕ್ ಎಂಬುದು ಅಂಗಡಿಯವರ ಕಟ್ಟುಕತೆಯೇ ಎಂದು ಕೇಳಿದರೆ, ಅಲ್ಲ. 2016ರ ಸೆಪ್ಟೆಂಬರ್ 13ರಂದು ಎಚ್‌ಪಿಯ ಆಫೀಸ್‌ಜೆಟ್ ಪ್ರಿಂಟರ್‌ಗಳು ಅದುವರೆಗೆ ಒಪ್ಪಿಕೊಂಡಿದ್ದ ಬೇರೆ ಕಂಪನಿಗಳ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ತಿರಸ್ಕರಿಸಿದವು. ಮುಂಚೆಯೇ ಬಂದು ಕೂತಿದ್ದ ಫರ್ಮ್‌ವೇರ್ (ಪ್ರಿಂಟರನ್ನು ನಡೆಸುವ ಒಳಗಿನ ತಂತ್ರಾಂಶ) ಅಂದು ಎಚ್ಚೆತ್ತುಕೊಂಡಿತ್ತು. ಗಲಾಟೆಯಾದ ಮೇಲೆ ಕಂಪನಿ ಕ್ಷಮೆ ಕೇಳಿ ಅದನ್ನು ತೆಗೆಯುವ ಫರ್ಮ್‌ವೇರ್ ಕೊಟ್ಟಿತು, ಪದ್ಧತಿಯನ್ನು ಬಿಡಲಿಲ್ಲ. ಈ ನಿರ್ಬಂಧಗಳನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲವೆಂದು 2020ರ ಡಿಸೆಂಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಎಚ್‌ಪಿಗೆ 1 ಕೋಟಿ ಯೂರೊ ದಂಡ ಹಾಕಿತು. ಚಿಪ್ ಇರುವುದು ಗುಣಮಟ್ಟ ಕಾಯಲು ಎಂಬ ಸಮಜಾಯಿಷಿಗೆ 2022ರ ಜನವರಿಯಲ್ಲಿ ಚೆನ್ನಾದ ಉತ್ತರ ಸಿಕ್ಕಿತು. ಜಗತ್ತಿನಾದ್ಯಂತ ಚಿಪ್ ಕೊರತೆಯಾಗಿ ಕ್ಯಾನನ್ ತನ್ನದೇ ಟೋನರ್‌ಗಳನ್ನು (ಲೇಸರ್ ಪ್ರಿಂಟರ್‌ನ ಪುಡಿ ಇಂಕು) ಚಿಪ್ ಇಲ್ಲದೆ ಮಾರಬೇಕಾಯಿತು. ಆಗ ಪ್ರಿಂಟರ್ ಕೊಡುವ ಎಚ್ಚರಿಕೆಗಳನ್ನು ದಾಟಿ ಮುಂದೆ ಹೋಗುವುದು ಹೇಗೆಂದು ಕಂಪನಿಯೇ ಗ್ರಾಹಕರಿಗೆ ಹೇಳಿಕೊಟ್ಟಿತು.

ಆದ್ದರಿಂದ ಮುಂದೆ ಹೊರಗಿನ ಕಾರ್ಟ್ರಿಜ್ ಬಳಸುವ ಯೋಚನೆಯಿದ್ದರೆ ಪ್ರಿಂಟರ್‌ಗೆ ಇಂಟರ್ನೆಟ್ ತಪ್ಪಿಸಿ. ಅತಿ ಸುಲಭದ ದಾರಿ, ವೈಫೈ ಬಿಟ್ಟು ಯುಎಸ್‌ಬಿ ಕೇಬಲ್ ಹಾಕುವುದು, ಕಂಪನಿಯ ದೊಡ್ಡ ಸಾಫ್ಟ್‌ವೇರ್ ಬದಲು ಅವರ ಸಪೋರ್ಟ್ ಪುಟದಲ್ಲಿ ‘ಬೇಸಿಕ್ ಡ್ರೈವರ್’ ಇದ್ದರೆ ಅದನ್ನಷ್ಟೇ ಇಳಿಸಿಕೊಳ್ಳುವುದು. ವೈಫೈ ಬೇಕೇಬೇಕೆಂದರೆ ಪ್ರಿಂಟರ್‌ನಿಂದ ನೆಟ್‌ವರ್ಕ್ ಮಾಹಿತಿ ಪುಟ ಪ್ರಿಂಟ್ ತೆಗೆದು, ಅದರಲ್ಲಿರುವ ಐಪಿ ವಿಳಾಸವನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಹಾಕಿ. ಪ್ರಿಂಟರ್‌ನದೇ ಒಂದು ಪುಟ ತೆರೆದುಕೊಳ್ಳುತ್ತದೆ. ಅಲ್ಲಿ ಅಪ್‌ಡೇಟ್ ವಿಭಾಗದಲ್ಲಿ ತಾನಾಗಿಯೇ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ, ಕಾರ್ಟ್ರಿಜ್ ಪ್ರೊಟೆಕ್ಷನ್ ಇದ್ದರೆ ಅದನ್ನೂ. ಅಷ್ಟನ್ನೇ ನಂಬಿ ಕೂರದೆ ನೆಟ್‌ವರ್ಕ್ ವಿಭಾಗದ ಐಪಿವಿ4ನಲ್ಲಿ ‘ಮ್ಯಾನ್ಯುಯಲ್’ ಆರಿಸಿ, ಈಗಿರುವ ವಿಳಾಸವನ್ನೇ ಉಳಿಸಿಕೊಂಡು ಗೇಟ್‌ವೇ (ಇಂಟರ್ನೆಟ್ಟಿಗೆ ದಾರಿ ಕೊಡುವ ರೂಟರ್‌ನ ವಿಳಾಸ) ಜಾಗವನ್ನು ಖಾಲಿ ಬಿಡಿ ಅಥವಾ 0.0.0.0 ಹಾಕಿ. ಅದನ್ನು ಒಪ್ಪದಿದ್ದರೆ ಪ್ರಿಂಟರ್‌ನ ಸ್ವಂತ ವಿಳಾಸವನ್ನೇ ಗೇಟ್‌ವೇ ಎಂದು ಬರೆಯಿರಿ. ಐಪಿವಿ6 ಆಫ್ ಮಾಡಿ. ಇದರಿಂದ ಮನೆಯ ಫೋನು, ಲ್ಯಾಪ್‌ಟಾಪ್‌ಗಳ ಜೊತೆ ಅದು ಮಾತಾಡುತ್ತದೆ, ಊರಾಚೆ ಹೋಗಲು ಮಾತ್ರ ದಾರಿ ಸಿಗುವುದಿಲ್ಲ. ಅದೇ ವಿಳಾಸ ಬೇರೆ ಸಾಧನಕ್ಕೆ ಹೋಗದಂತೆ ರೂಟರ್‌ನಲ್ಲೂ ಕಾದಿರಿಸಿಡಿ. ಒಂದು ಎಚ್ಚರಿಕೆ: ಇಂಟರ್ನೆಟ್ ಸದಾ ಇರಲೇಬೇಕೆಂಬ ಷರತ್ತಿನ ಮೇಲೆಯೇ ಮಾರಾಟವಾಗುವ ಮಾದರಿಗಳಿವೆ, ತಿಂಗಳ ಚಂದಾ ಕಟ್ಟಿಸಿಕೊಳ್ಳುವ ಇಂಕು ಯೋಜನೆಗಳೂ ಇವೆ. ಅವುಗಳಲ್ಲಿ ಹೀಗೆ ಮಾಡಿದರೆ ಪ್ರಿಂಟರ್ ಕೆಲಸ ನಿಲ್ಲಿಸುತ್ತದೆ. ಇನ್ನು ಈಗಾಗಲೇ ಬಂದಿರುವ ಫರ್ಮ್‌ವೇರನ್ನು ಹಿಂದಿನದಕ್ಕೆ ಇಳಿಸುವ ಸಾಹಸ ಬೇಡ. ಹೆಚ್ಚಿನ ಮಾದರಿಗಳು ಒಪ್ಪುವುದಿಲ್ಲ, ಒಪ್ಪಿದವೂ ನಡುವೆ ಕರೆಂಟ್ ಹೋದರೆ ಮತ್ತೆ ಏಳುವುದಿಲ್ಲ. ನಿಮ್ಮ ಕಡೆಯ ಮಳೆಗಾಲದ ಕರೆಂಟಿನ ಬಗ್ಗೆ ನಾನು ಹೇಳಬೇಕಿಲ್ಲ.

ಸ್ಕ್ಯಾನ್‌ಗೆ ಬರೋಣ. ಗಾಜಿನ ಕೆಳಗಿರುವ ಸ್ಕ್ಯಾನರ್‌ಗೂ ಇಂಕಿಗೂ ಸಂಬಂಧವಿಲ್ಲ, ಆ್ಯಪ್‌ಗೂ ಇಲ್ಲ. ವಿಂಡೋಸ್‌ನಲ್ಲೇ ‘ವಿಂಡೋಸ್ ಫ್ಯಾಕ್ಸ್ ಆ್ಯಂಡ್ ಸ್ಕ್ಯಾನ್’ ಇದೆ. ಅದಕ್ಕಿಂತ ಒಳ್ಳೆಯದು ‘ನ್ಯಾಪ್ಸ್2’ ಎಂಬ ಉಚಿತ ತಂತ್ರಾಂಶ, ಹಲವು ಪುಟಗಳನ್ನು ಒಂದೇ ಪಿಡಿಎಫ್ ಮಾಡಿಕೊಡುತ್ತದೆ, ಯಾವ ಖಾತೆಯನ್ನೂ ಕೇಳುವುದಿಲ್ಲ. ಮ್ಯಾಕ್‌ನಲ್ಲಿ ‘ಇಮೇಜ್ ಕ್ಯಾಪ್ಚರ್’, ಲಿನಕ್ಸ್‌ನಲ್ಲಿ ‘ಡಾಕ್ಯುಮೆಂಟ್ ಸ್ಕ್ಯಾನರ್’ ಇದೇ ಕೆಲಸ ಮಾಡುತ್ತವೆ. ಕೆಲವು ಪ್ರಿಂಟರ್‌ಗಳಲ್ಲಿ ಮೇಲೆ ಹೇಳಿದ ಬ್ರೌಸರ್ ಪುಟದಲ್ಲೇ ‘ವೆಬ್‌ಸ್ಕ್ಯಾನ್’ ಎಂಬ ಗುಂಡಿಯಿರುತ್ತದೆ. ಅರ್ಜಿಗಳ ಜೊತೆ ಅಪ್‌ಲೋಡ್ ಮಾಡುವ ಪಹಣಿ, ಅಂಕಪಟ್ಟಿಗಳಿಗೆ 200 ಡಿಪಿಐ ಸಾಕು. 600ಕ್ಕೆ ಏರಿಸಿದರೆ ಫೈಲು ದೊಡ್ಡದಾಗಿ ಪೋರ್ಟಲ್ ತಿರಸ್ಕರಿಸುತ್ತದೆ. ಕಾರ್ಟ್ರಿಜ್ ದೂರು ಪರದೆಯ ಮೇಲಿದ್ದರೆ ಸ್ಕ್ಯಾನನ್ನೂ ತಡೆಹಿಡಿಯುವ ಮಾದರಿಗಳಿವೆ. ಹಾಗಿದ್ದರೆ ಕೆಟ್ಟ ಕಾರ್ಟ್ರಿಜ್ ಹೊರತೆಗೆದು ಒಂದನ್ನೇ ಬಿಟ್ಟು ನೋಡಿ, ಎಷ್ಟೋ ಸಲ ದಾರಿ ಬಿಡುತ್ತದೆ. ಮೊಬೈಲ್‌ನಿಂದ ಪ್ರಿಂಟ್ ತೆಗೆಯಲೂ ಕಂಪನಿಯ ಆ್ಯಪ್ ಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ ‘ಮೋಪ್ರಿಯಾ ಪ್ರಿಂಟ್ ಸರ್ವಿಸ್’ ಹಾಕಿಕೊಂಡರೆ, ಐಫೋನ್‌ನಲ್ಲಿ ಏರ್‌ಪ್ರಿಂಟ್ ಮೂಲಕ ನೇರವಾಗಿ, ಒಂದೇ ವೈಫೈಯಲ್ಲಿರುವ ಪ್ರಿಂಟರ್ ಸಿಗುತ್ತದೆ.

ಇನ್ನು ಬೇರೆ ಕೊಳ್ಳುವ ವಿಚಾರ. ನಿಮ್ಮದು ವರ್ಷಕ್ಕೆ 720 ಪುಟ. ಈಗಿನ ಲೆಕ್ಕದಲ್ಲಿ ಪುಟಕ್ಕೆ ₹6, ಅಂದರೆ ವರ್ಷಕ್ಕೆ ಸುಮಾರು ₹4,300 ಕಪ್ಪು ಇಂಕಿಗೇ ಹೋಗುತ್ತದೆ, ಪ್ರಿಂಟರ್ ಬೆಲೆ ₹5,000. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಕಂಪನಿ ಪ್ರಿಂಟರನ್ನು ಅಗ್ಗಕ್ಕೆ ಕೊಡುವುದೇ ಇಂಕಿನಲ್ಲಿ ವಸೂಲಿ ಮಾಡಲು. ಬಾಕ್ಸ್ ಮೇಲಿನ ಪುಟಸಂಖ್ಯೆಯನ್ನೂ ಹಾಗೇ ನಂಬಬೇಡಿ. ಕಪ್ಪಿಗೆ ಪುಟದ ನೂರರಲ್ಲಿ ಸುಮಾರು 5 ಪಾಲಷ್ಟೇ ಇಂಕು ಬೀಳುವ ಪತ್ರದಂಥ ಪುಟದ ಲೆಕ್ಕ ಅದು. ದಪ್ಪ ಕನ್ನಡ ಅಕ್ಷರ, ಚಿತ್ರ, ಕೋಷ್ಟಕ ತುಂಬಿದ ಪ್ರಶ್ನೆಪತ್ರಿಕೆ ಅದಕ್ಕಿಂತ ಹೆಚ್ಚು ಕುಡಿಯುತ್ತದೆ. ಜೊತೆಗೆ ಬಂದ ಮೊದಲ ಕಾರ್ಟ್ರಿಜ್‌ನಲ್ಲಿ ಅನೇಕ ವೇಳೆ ಕಡಿಮೆ ಇಂಕು ಇರುತ್ತದೆ.

ಯಾರೂ ಹೇಳದ ಪರ್ಯಾಯವನ್ನು ಮೊದಲು ಹೇಳುತ್ತೇನೆ. ಪ್ರಶ್ನೆಪತ್ರಿಕೆಯ ಒಂದು ಪ್ರತಿಯನ್ನಷ್ಟೇ ಪ್ರಿಂಟ್ ತೆಗೆದು, ಉಳಿದವನ್ನು ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದರೆ ಪುಟಕ್ಕೆ ₹2ರಂತೆ ತಿಂಗಳಿಗೆ ₹120, ವರ್ಷಕ್ಕೆ ₹1,440. ಅಂಗಡಿ ನಡೆದುಹೋಗುವಷ್ಟು ದೂರದಲ್ಲಿದ್ದರೆ ಯಾವ ಹೊಸ ಪ್ರಿಂಟರೂ ಇದರಷ್ಟು ಅಗ್ಗವಾಗಲು ಹಲವು ವರ್ಷ ಹಿಡಿಯುತ್ತದೆ. ತಿಂಗಳಿಗೆ ಇಪ್ಪತ್ತು ಪುಟಕ್ಕಿಂತ ಕಡಿಮೆ ಇರುವವರಂತೂ ಪ್ರಿಂಟರ್ ಇಟ್ಟುಕೊಳ್ಳಲೇಬಾರದು.

ಮನೆಯಲ್ಲೇ ಬೇಕು, ರಾತ್ರಿ ಹತ್ತಕ್ಕೆ ಪ್ರಶ್ನೆಪತ್ರಿಕೆ ಸಿದ್ಧವಾಗಬೇಕು ಎಂದಾದರೆ ದಾರಿ ಎರಡು. ಒಂದು ಇಂಕ್ ಟ್ಯಾಂಕ್ ಪ್ರಿಂಟರ್. ಎಪ್ಸನ್ ಇದನ್ನು 2010ರ ಸುಮಾರಿಗೆ ಶುರುಮಾಡಿತು, ಈಗ ಕ್ಯಾನನ್, ಎಚ್‌ಪಿ, ಬ್ರದರ್ ಎಲ್ಲರೂ ಮಾರುತ್ತಾರೆ. ಸಾಮಾನ್ಯ ಮನೆಮಾದರಿಗಳ ಬಾಟಲಿಗೆ ಚಿಪ್ ಇಲ್ಲ. 65 ಮಿಲಿಲೀಟರ್‌ನ ಒಂದು ಕಪ್ಪು ಬಾಟಲಿಯಲ್ಲಿ ಸುಮಾರು 4,500 ಪುಟ ಎನ್ನುತ್ತಾರೆ, ಪುಟಕ್ಕೆ ಹತ್ತು ಪೈಸೆ ಆಸುಪಾಸು. ಪ್ರಿಂಟರ್ ಬೆಲೆ ಹತ್ತು ಸಾವಿರದಿಂದ ಮೇಲಕ್ಕೆ. ಹೊಸತಾಗಿ ತುಂಬಿದಾಗ ಕೊಳವೆಗಳನ್ನು ತುಂಬಲಿಕ್ಕೇ ಸಾಕಷ್ಟು ಇಂಕು ಹೋಗುವುದರಿಂದ ಮೊದಲ ಬಾಟಲಿಯ ಲೆಕ್ಕ ತಪ್ಪಿದರೆ ಗಾಬರಿಬೇಡ.

ಟ್ಯಾಂಕ್ ಪ್ರಿಂಟರ್ ಬಗ್ಗೆ ಮಾರುವವರು ಹೇಳದ ವಿಷಯ, ವೇಸ್ಟ್ ಇಂಕ್ ಪ್ಯಾಡ್. ಹೆಡ್ ಶುಚಿಮಾಡುವಾಗೆಲ್ಲ ಹೊರಬರುವ ಇಂಕು ತಳದಲ್ಲಿರುವ ಒಂದು ದಪ್ಪ ಪ್ಯಾಡಿಗೆ ಇಳಿಯುತ್ತದೆ. ಎಷ್ಟು ಇಳಿಯಿತೆಂದು ಪ್ರಿಂಟರ್ ಲೆಕ್ಕ ಇಡುತ್ತದೆ, ಲೆಕ್ಕ ತುಂಬಿದ ದಿನ ಎಲ್ಲ ಸರಿಯಿದ್ದೂ ಪ್ರಿಂಟರ್ ನಿಲ್ಲುತ್ತದೆ. ಕ್ಯಾನನ್‌ನಲ್ಲಿ 5ಬಿ00 ಎಂಬ ದೋಷಸಂಖ್ಯೆ ಇದರದ್ದೇ. ಹಳೆಯ ಮಾದರಿಗಳಲ್ಲಿ ಪ್ಯಾಡ್ ಬದಲಿಸಿ ಲೆಕ್ಕವನ್ನು ಸೊನ್ನೆಗೆ ತರಲು ಸರ್ವಿಸ್ ಸೆಂಟರಿಗೇ ಹೋಗಬೇಕು. ಇದಕ್ಕೆಂದು ಇಂಟರ್ನೆಟ್ಟಿನಲ್ಲಿ ಸಿಗುವ ‘ರೀಸೆಟ್’ ತಂತ್ರಾಂಶಗಳು ಆ್ಯಂಟಿವೈರಸ್ ಆಫ್ ಮಾಡಿ ಎಂದು ಶುರುಮಾಡುತ್ತವೆ. ನೆಟ್‌ಬ್ಯಾಂಕಿಂಗ್ ಮಾಡುವ ಕಂಪ್ಯೂಟರಿನಲ್ಲಿ ಅದನ್ನು ಹಾಕಬೇಡಿ. ಈಚಿನ ಕೆಲವು ಮಾದರಿಗಳಲ್ಲಿ, ಕ್ಯಾನನ್ ಜಿ3020 ಒಂದು ಉದಾಹರಣೆ, ನಾವೇ ಎಳೆದು ಬದಲಿಸಬಹುದಾದ ಮೇಂಟೆನೆನ್ಸ್ ಕಾರ್ಟ್ರಿಜ್ ಇದೆ. ಟ್ಯಾಂಕ್ ಪ್ರಿಂಟರ್ ಕೊಳ್ಳುವುದಾದರೆ ಬೇರೆಲ್ಲ ಗುಣ ಬಿಟ್ಟರೂ ಇದೊಂದನ್ನು ಬಿಡಬೇಡಿ ಎಂಬುದು ನನ್ನ ಅಭಿಪ್ರಾಯ.

ಎರಡನೇ ತೊಡಕು ಒಣಗುವಿಕೆ. ಎಪ್ಸನ್, ಬ್ರದರ್‌ಗಳಲ್ಲಿ ಹೆಡ್ ಪ್ರಿಂಟರ್‌ನೊಳಗೇ ಇದೆ, ಕಟ್ಟಿಕೊಂಡರೆ ಬದಲಿಸುವ ಖರ್ಚು ಹೊಸ ಪ್ರಿಂಟರ್ ಬೆಲೆಯ ಹತ್ತಿರ ಹೋಗುತ್ತದೆ. ವಾರಕ್ಕೊಮ್ಮೆ ನಾಲ್ಕೂ ಬಣ್ಣ ಇರುವ ಒಂದು ಪುಟ ತೆಗೆಯಬೇಕು, ಬೇಸಿಗೆ ರಜೆಯಲ್ಲೂ. ಆಫ್ ಮಾಡುವುದು ಯಾವಾಗಲೂ ಪ್ರಿಂಟರ್‌ನ ಗುಂಡಿಯಿಂದಲೇ. ಆಗ ಹೆಡ್ ಬಲಗಡೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ, ಅಥವಾ ಪ್ರಿಂಟ್ ನಡುವೆ ಕರೆಂಟ್ ಹೋದರೆ, ಹೆಡ್ ಬಾಯಿ ತೆರೆದುಕೊಂಡು ನಿಂತು ಒಣಗುತ್ತದೆ. ಕರೆಂಟ್ ಬಂದ ಕೂಡಲೇ ಆನ್ ಮಾಡಿ, ಸದ್ದು ನಿಂತಮೇಲೆ ಗುಂಡಿಯಿಂದ ಆಫ್ ಮಾಡಿ. ಗುಡುಗು ಸಿಡಿಲಿದ್ದರೆ ಮೊದಲು ಗುಂಡಿ, ಆಮೇಲೆ ಪ್ಲಗ್. ಗೆರೆ ಬಿಟ್ಟುಹೋದರೆ ಹೆಡ್ ಕ್ಲೀನಿಂಗ್ ಎರಡು ಸಲ ಮಾಡಿ, ಸರಿಯಾಗದಿದ್ದರೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಇನ್ನೊಮ್ಮೆ. ಒಂದೇ ಸಮ ಹತ್ತು ಸಲ ಒತ್ತಿದರೆ ಇಂಕೆಲ್ಲ ಆ ಪ್ಯಾಡಿಗೇ ಹೋಗುತ್ತದೆ.

ಇನ್ನೊಂದು ದಾರಿ ಕಪ್ಪು-ಬಿಳುಪಿನ ಲೇಸರ್ ಪ್ರಿಂಟರ್. ನೀವು ತೆಗೆಯುವುದು ಪ್ರಶ್ನೆಪತ್ರಿಕೆಯೇ ಆದ್ದರಿಂದ ನಿಮಗೆ ನನ್ನ ಆಯ್ಕೆ ಇದು. ಟೋನರ್ ಎಂದರೆ ಪ್ಲಾಸ್ಟಿಕ್ ಪುಡಿ, ಒಣಗುವ ಪ್ರಶ್ನೆಯೇ ಇಲ್ಲ. ಎರಡು ತಿಂಗಳು ಮುಟ್ಟದೆ ಇಟ್ಟು ಒತ್ತಿದರೂ ಮೊದಲ ಪುಟ ಅಚ್ಚುಕಟ್ಟಾಗಿ ಬರುತ್ತದೆ. ಇಲ್ಲೂ ಚಿಪ್ ನೋಡಿಯೇ ಕೊಳ್ಳಬೇಕು, ಹೊಸ ಮಾದರಿಗಳ ಟೋನರ್‌ಗಳಿಗೆ ಅದು ಬಂದಿದೆ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಇಂದಿಗೂ ಎಚ್‌ಪಿ 1020, ಎಂ1005, ಕ್ಯಾನನ್ ಎಲ್‌ಬಿಪಿ2900 ಉಳಿದಿರುವುದು ಸುಮ್ಮನೆ ಅಲ್ಲ. ಅವುಗಳ ಟೋನರ್‌ಗೆ ಚಿಪ್ ಇಲ್ಲ, 2,000 ಪುಟ ಬರುತ್ತದೆ, ಯಾವ ಪೇಟೆಯಲ್ಲಾದರೂ ಕೆಲವು ನೂರು ರೂಪಾಯಿಗೆ ಪುಡಿ ತುಂಬಿಕೊಡುತ್ತಾರೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಕೊಳ್ಳಬಹುದು, ಆದರೆ ನಿಮ್ಮ ಲ್ಯಾಪ್‌ಟಾಪ್ ಒಯ್ದು ಅಲ್ಲೇ ಪ್ರಿಂಟ್ ತೆಗೆದು ನೋಡಿ. ಇವು ಹಳೆಯ ಡ್ರೈವರ್ ನಂಬಿದ ಯಂತ್ರಗಳು, ಎಲ್‌ಬಿಪಿ2900 ಲಿನಕ್ಸ್‌ನಲ್ಲಿ ಸತಾಯಿಸುತ್ತದೆ, ಹೊಸ ವಿಂಡೋಸ್‌ನಲ್ಲಿ ಎಂ1005ರ ಸ್ಕ್ಯಾನರ್ ಕೈಕೊಡಬಹುದು. ವೈಫೈ ಕೂಡ ಇಲ್ಲ. ಬ್ರದರ್‌ನ ಎಚ್‌ಎಲ್-ಎಲ್2321ಡಿ ಬಳಸುವ ಟಿಎನ್-2365 ಟೋನರ್‌ನಲ್ಲೂ ಚಿಪ್ ಇಲ್ಲ, ಪಕ್ಕದ ಒಂದು ಪ್ಲಾಸ್ಟಿಕ್ ಗಾಲಿ ತಿರುಗಿ ‘ಹೊಸದು’ ಎಂದು ಹೇಳುತ್ತದೆ. ತುಂಬಿಸುವಾಗ ಆ ಗಾಲಿಯನ್ನು ಮೊದಲಿನ ಜಾಗಕ್ಕೆ ತಿರುಗಿಸಿಟ್ಟರೆ ಆಯಿತು. ಅದರ ಡ್ರಮ್ (ಪುಡಿಯನ್ನು ಕಾಗದಕ್ಕೆ ದಾಟಿಸುವ ಉರುಳೆ) ಬೇರೆ ಇದೆ, ಸುಮಾರು 12,000 ಪುಟಕ್ಕೆ ಬದಲಿಸಬೇಕು. ನಿಮ್ಮ ಲೆಕ್ಕದಲ್ಲಿ ಅದು ಹದಿನಾರು ವರ್ಷ.

ಪುಡಿ ತುಂಬಿಸಿದ ಮೇಲೆ ಇಡೀ ಪುಟಕ್ಕೆ ಬೂದಿ ಬಳಿದಂತಾದರೆ ಬೇರೆ ಮಾದರಿಯ ಪುಡಿ ಹಾಕಿದ್ದಾರೆ ಅಥವಾ ಹಳೆಯ ಕಸದ ಪುಡಿ ತೆಗೆದಿಲ್ಲ. ಒಂದೇ ಅಂತರದಲ್ಲಿ ಕಪ್ಪು ಚುಕ್ಕೆ ಮತ್ತೆ ಮತ್ತೆ ಬಂದರೆ ಡ್ರಮ್‌ಗೆ ಗೀರು. ಚೆಲ್ಲಿದ ಪುಡಿಯನ್ನು ಮನೆಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಬೇಡಿ, ಫಿಲ್ಟರ್ ದಾಟಿ ಗಾಳಿಗೆ ಬರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಕೈಗೆ ಹತ್ತಿದರೆ ತಣ್ಣೀರು, ಬಿಸಿನೀರಿಗೆ ಪುಡಿ ಮೆತ್ತಗಾಗಿ ಅಂಟುತ್ತದೆ. ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ 600 ವಿಎ ಯುಪಿಎಸ್‌ಗೆ ಎಂದೂ ಚುಚ್ಚಬೇಡಿ. ಒಳಗಿನ ರೋಲರ್ ಬಿಸಿಯಾಗುವ ಕ್ಷಣದಲ್ಲಿ ಅದು ಸಾವಿರ ವ್ಯಾಟ್ ಹತ್ತಿರ ಎಳೆಯುತ್ತದೆ, ಯುಪಿಎಸ್ ಟ್ರಿಪ್ ಆಗಿ ಕಂಪ್ಯೂಟರೂ ಆರುತ್ತದೆ. ಕರೆಂಟ್ ಇಲ್ಲದಾಗ ಇನ್ವರ್ಟರ್‌ನಲ್ಲೇ ಪ್ರಿಂಟ್ ಬೇಕೆನ್ನುವವರಿಗೆ ಟ್ಯಾಂಕ್ ಪ್ರಿಂಟರೇ ಗತಿ, ಅದಕ್ಕೆ ಕೆಲವೇ ವ್ಯಾಟ್ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಕಾಗದ ತೇವ ಹೀರಿ ಎರಡೆರಡು ಒಟ್ಟಿಗೆ ಎಳೆದುಕೊಳ್ಳುತ್ತದೆ, ಲೇಸರ್‌ನಲ್ಲಿ ಸುರುಳಿಯಾಗಿ ಹೊರಬರುತ್ತದೆ. ಟ್ರೇನಲ್ಲಿ ಅಂದಿಗೆ ಬೇಕಾದಷ್ಟು ಹಾಳೆ ಇಟ್ಟು ಉಳಿದ ರೀಮ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿಡಿ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಇಷ್ಟು ಕೇಳಿ: ಖಾತೆ ತೆರೆಯದೆ, ಇಂಟರ್ನೆಟ್ ಇಲ್ಲದೆ ಯುಎಸ್‌ಬಿಯಲ್ಲಿ ಪ್ರಿಂಟ್ ಬರುತ್ತದೆಯೇ, ಟೋನರ್ ಅಥವಾ ಇಂಕಿಗೆ ಚಿಪ್ ಇದೆಯೇ, ಅದರ ಎಂಆರ್‌ಪಿ ಮತ್ತು ಪುಟ ಎಷ್ಟು. ಬಾಕ್ಸ್‌ನ ಬದಿಯಲ್ಲಿ ‘ಅಸಲಿ ಚಿಪ್ ಇರುವ ಕಾರ್ಟ್ರಿಜ್‌ಗೆ ಮಾತ್ರ’ ಎಂಬರ್ಥದ ಸಣ್ಣ ಅಕ್ಷರದ ಸಾಲು ಇದೆಯೇ ನೋಡಿ. ಇದ್ದರೆ ಆ ಬಾಕ್ಸ್ ವಾಪಸ್ ಕಪಾಟಿಗೆ ಹೋಗಲಿ.

ದೂರು ಕೊಡಬಹುದೇ? ಈಗಿನ ನಿಮ್ಮ ಸಮಸ್ಯೆ ಕೊಳೆಯಾದ ಬಿಂದುಗಳದ್ದಾದರೆ ದೂರಿಗೆ ಆಧಾರವಿಲ್ಲ. ಹೊರಗಿನ ಇಂಕಿನಿಂದಲೇ ಹಾನಿಯಾಯಿತೆಂದಾದರೆ ವಾರಂಟಿಯೂ ಅದಕ್ಕೆ ಅನ್ವಯಿಸದು. ಆದರೆ ಮುಂದೆ ಯಾವಾಗಲಾದರೂ ಅಪ್‌ಡೇಟ್ ಬಂದ ಮರುದಿನವೇ ನಡೆಯುತ್ತಿದ್ದ ಕಾರ್ಟ್ರಿಜ್ ಬ್ಲಾಕ್ ಆದರೆ, ಪರದೆಯ ಫೋಟೊ, ಹಿಂದಿನ ಮತ್ತು ಈಗಿನ ಫರ್ಮ್‌ವೇರ್ ಸಂಖ್ಯೆ ಇರುವ ಪುಟ, ಬಿಲ್ ಇಟ್ಟುಕೊಂಡು ಮೊದಲು ಕಂಪನಿಗೆ ಇಮೇಲ್ ಮಾಡಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ. ಅಲ್ಲಿಗೂ ಮುಗಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ ₹5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಕೊಂಡ ವಸ್ತುವಿಗೆ ಸಂಬಂಧವಿಲ್ಲದ ಖಾತೆ ತೆರೆಯುವಂತೆ, ಮಾಹಿತಿ ಕೊಡುವಂತೆ ಬಲವಂತ ಮಾಡುವುದು 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿತಪ್ಪಿಸುವ ತಂತ್ರಗಳ) ಮಾರ್ಗಸೂಚಿಯ ಹದಿಮೂರು ಬಗೆಗಳಲ್ಲಿ ಒಂದು. ಆ್ಯಪ್ ಲಾಗಿನ್ ಬಗ್ಗೆ ಬರೆಯುವಾಗ ಅದನ್ನು ಹೆಸರಿಸಿ.

ಈಗಿನ ಪ್ರಿಂಟರನ್ನು ಮಾತ್ರ ಎಸೆಯಬೇಡಿ. ಲೇಸರ್ ಬಂದರೂ ಅದಕ್ಕೆ ಸ್ಕ್ಯಾನರ್ ಇರಲಿಕ್ಕಿಲ್ಲ. ಇದನ್ನು ಯುಎಸ್‌ಬಿಯಲ್ಲಿ ನ್ಯಾಪ್ಸ್2ಗೆ ಜೋಡಿಸಿದರೆ ಇನ್ನೂ ಎಷ್ಟೋ ವರ್ಷ ಪಹಣಿ, ಅಂಕಪಟ್ಟಿ ಸ್ಕ್ಯಾನ್ ಮಾಡಿಕೊಂಡಿರುತ್ತದೆ. ಕೊನೆಗೆ ಇ-ತ್ಯಾಜ್ಯಕ್ಕೆ ಕೊಡುವ ದಿನ ಫ್ಯಾಕ್ಟರಿ ರೀಸೆಟ್ ಮಾಡಿ, ನಿಮ್ಮ ವೈಫೈ ಪಾಸ್‌ವರ್ಡ್ ಅದರೊಳಗೆ ಕೂತಿರುತ್ತದೆ.